ಅಳಿವೆ ಬಾಗಿಲ ಶಂಖ

ನಾನು ಶಂಖ. ದೇವರ ಮನೆಯಲ್ಲಿ ಹೂವಿನ ಪಕ್ಕ ತಣ್ಣಗೆ ಕೂತಿರುವ ಜಾತಿಯದಲ್ಲ. ನನ್ನಿಂದ ಯಾರೂ ತೀರ್ಥ ಕುಡಿದವರಿಲ್ಲ. ‘ಶಂಖದಿಂದ ಬಂದರೇ ತೀರ್ಥ’ ಎಂದು ಜನ ಗಾದೆ ಹೇಳುವಾಗ ನನಗೆ ನಗು ಬರುತ್ತದೆ. ನನ್ನಿಂದ ಬಂದದ್ದೆಲ್ಲ ಬರೀ ಗಾಳಿ, ಅದೂ ಇನ್ನೊಬ್ಬರ ಎದೆಯ ಗಾಳಿ. ಆದರೆ ಆ ಗಾಳಿಯನ್ನು ನಂಬಿಕೊಂಡು ಹೊರೆ ಹೊತ್ತ ದೋಣಿಗಳು ಕಡಲಿನಿಂದ ಮನೆಗೆ ಬರುತ್ತಿದ್ದವು. ಅದಕ್ಕೇ ಇಡೀ ಆಯುಷ್ಯದಲ್ಲಿ ಒಂದು ದಿನವೂ ನಾನು ನೆಮ್ಮದಿಯಿಂದ ಇದ್ದದ್ದಿಲ್ಲ. ದಡ್ಡರನ್ನು ‘ಒಳ್ಳೇ ಶಂಖ’ ಎಂದು ಬೈಯುವವರಿಗೆ ನನ್ನ ಚಿಂತೆಯ ಭಾರ ಗೊತ್ತಿಲ್ಲ. ದಡ್ಡರಿಗೆ ಇಷ್ಟೊಂದು ಚಿಂತೆ ಇರುವುದಿಲ್ಲ.

ನಾನು ಹುಟ್ಟಿದ್ದು ತೂತುಕುಡಿಯ ಆಚೆ, ಮೂಡಣ ಕಡಲಿನ ತಳದ ಮರಳಿನಲ್ಲಿ. ಒಂದು ಮೆತ್ತಗಿನ ಜೀವ ನೀರಿನಿಂದ ಸುಣ್ಣ ಹೀರಿ ಹೀರಿ, ಸುತ್ತಿನ ಮೇಲೆ ಸುತ್ತು ಇಟ್ಟು ನನ್ನನ್ನು ಕಟ್ಟಿತು. ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ, ಓಡಲು ಕಾಲಿಲ್ಲ. ಏಡಿಯ ನೆರಳು ಬಿದ್ದರೆ ಒಳಗೆ, ತೊರಕೆ ಮೀನು ಹತ್ತಿರ ಸುಳಿದರೆ ಒಳಗೆ. ಹಾಗೆ ಮುದುಡಿದಾಗಲೆಲ್ಲ ಅದರ ನಡುಕ ನನ್ನ ಗೋಡೆಗೆ ತಾಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಆ ನಡುಕ ನನ್ನ ಹುಟ್ಟುಗುಣ.

ಒಂದು ದಿನ ಮೇಲಿಂದ ಒಂದು ಕೈ ಇಳಿದು ಬಂತು. ಸಂದಿಯಾಗು ಎಂಬ ಮುಳುಗುಗಾರನ ಕೈ. ಅವನ ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲೆ ದೋಣಿಯಲ್ಲಿ ಅವನ ಹೆಂಡತಿಯ ತಮ್ಮನ ಕೈಯಲ್ಲಿ. ಅಲ್ಲಿಯವರಲ್ಲಿ ಅದೊಂದು ಪದ್ಧತಿ: ಮುಳುಗುವವನ ಹಗ್ಗ ಭಾವಮೈದುನನೇ ಹಿಡಿಯಬೇಕು. ಬೇರೆ ಯಾರಾದರೂ ಆಕಳಿಸಿಯಾರು, ಅಕ್ಕ ವಿಧವೆಯಾಗುತ್ತಾಳೆ ಎಂಬ ಹೆದರಿಕೆ ಇರುವವನು ಮಾತ್ರ ಹಗ್ಗದಿಂದ ಕಣ್ಣು ತೆಗೆಯುವುದಿಲ್ಲ. ಸಂದಿಯಾಗು ನನ್ನನ್ನು ಚೀಲಕ್ಕೆ ಹಾಕಿಕೊಂಡು ಹಗ್ಗ ಜಗ್ಗಿದ, ಮೈದುನ ಎಳೆದ, ನಾವು ಮೇಲೆ ಬಂದೆವು. ನನ್ನನ್ನು ಕಟ್ಟಿದ ಜೀವ ದಂಡೆಯ ಬಿಸಿಲಿಗೆ ಸತ್ತುಹೋಯಿತು. ಆ ದುಃಖ ನನಗೆ ಈಗಲೂ ಇದೆ. ಮನೆ ಉಳಿದು ಮನೆಯವರು ಹೋದರೆ ಮನೆಗೆ ಏನು ಸುಖ?

ನನ್ನ ತುದಿಯನ್ನು ಕೊಯ್ದು ತೂತು ಮಾಡಿ, ಉಜ್ಜಿ ತಿಕ್ಕಿ, ತೂತುಕುಡಿಯ ಬಜಾರಿನಲ್ಲಿ ಸಾಲಾಗಿ ಇಟ್ಟರು. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ನಮ್ಮ ಪಡುವಣ ಕರಾವಳಿಯ ಗೋಯ್ದ ತಾಂಡೇಲ. ಅವನು ನಡೆಸುತ್ತಿದ್ದದ್ದು ಹೆಂಚು ಸಾಗಿಸುವ ದೊಡ್ಡ ಹಾಯಿಹಡಗು. ನಮ್ಮವರು ಅದಕ್ಕೆ ಮಚವೆ ಅನ್ನುತ್ತಾರೆ. ಗೋಯ್ದ ಒಳ್ಳೆಯ ನಾವಿಕ, ಆದರೆ ಊದಲು ಬಾರದವ. ಅಂಗಡಿಯಲ್ಲಿ ನನ್ನನ್ನು ಊದಿ ನೋಡಿದಾಗ ‘ಬುಸ್’ ಎಂದದ್ದಷ್ಟೇ. ಹಿಂದೆ ನಿಂತಿದ್ದ ಎಳೆಯ ಖಲಾಸಿಯೊಬ್ಬ ನಕ್ಕುಬಿಟ್ಟ. ‘ನಗುವುದು ಸುಲಭ, ನೀನು ಊದು’ ಎಂದು ತಾಂಡೇಲ ನನ್ನನ್ನು ಅವನ ಕೈಗೆ ತುರುಕಿದ. ಆ ಖಲಾಸಿ ಹೆರಿಯ ಮರಕಾಲ. ಅವನು ಮೊದಲು ಒಮ್ಮೆ ಸಣ್ಣಗೆ ಕೆಮ್ಮಿದ, ಆಮೇಲೆ ಊದಿದ. ಬಜಾರಿನ ಕಾಗೆಗಳೆಲ್ಲ ಎದ್ದುಹೋದವು. ನನ್ನೊಳಗೆ ಇಷ್ಟು ದೊಡ್ಡ ದನಿ ಇತ್ತೆಂದು ನನಗೇ ಗೊತ್ತಿರಲಿಲ್ಲ, ಗೊತ್ತಾದದ್ದೇ ತಡ ಹೆದರಿಕೆಯಾಯಿತು.

ಮಚವೆಯಲ್ಲಿ ನನ್ನ ಕೆಲಸ ಮಂಜಿನಲ್ಲಿ. ಮಂಜು ಕವಿದಾಗ ಹೆರಿಯ ಮುಂಭಾಗದಲ್ಲಿ ನಿಂತು ನನ್ನನ್ನು ಊದುತ್ತಿದ್ದ, ಊದಿ ಕಿವಿಗೊಡುತ್ತಿದ್ದ. ಎದುರಿನಿಂದ ಇನ್ನೊಂದು ಹಡಗು ಮರುದನಿ ಕೊಟ್ಟರೆ ಸರಿ. ಕೊಡದಿದ್ದರೆ ಏನೂ ಇಲ್ಲವೆಂದು ನಂಬಬೇಕೋ, ಅಲ್ಲೊಬ್ಬ ನಿದ್ದೆ ಮಾಡುತ್ತಿದ್ದಾನೆಂದು ತಿಳಿಯಬೇಕೋ? ಖಲಾಸಿಗಳು ಗಂಜಿ ಉಣ್ಣುತ್ತ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು ಇರುತ್ತಿದ್ದರು. ನಾನು ಮಾತ್ರ ಬಾರದ ಮರುದನಿಯನ್ನು ನೆನೆದು ಕೂತಿರುತ್ತಿದ್ದೆ. ಮುಂದೆ ಮಚವೆಗೆ ವಯಸ್ಸಾಯಿತು, ಹುಳ ತಿಂದ ಹಲಗೆಗಳನ್ನು ದಂಡೆಗೆ ಎಳೆದು ಬಿಚ್ಚಿದರು. ಗೋಯ್ದ ತಾಂಡೇಲ ನನ್ನನ್ನು ಹೆರಿಯನ ಮಡಿಲಿಗೆ ಹಾಕಿ, ‘ಇದಕ್ಕೆ ನಿನ್ನ ಉಸಿರೇ ಒಗ್ಗಿದೆ, ನೀನೇ ಇಟ್ಟುಕೋ’ ಎಂದ. ಹೆರಿಯ ನನ್ನನ್ನು ತನ್ನ ಊರು ಮರಳುಕೋಡಿಗೆ ತಂದ.

ಮರಳುಕೋಡಿಯಲ್ಲಿ ಹೊಳೆ ಕಡಲನ್ನು ಸೇರುತ್ತದೆ. ಸೇರುವ ಆ ಜಾಗಕ್ಕೆ ಅಳಿವೆ ಬಾಗಿಲು ಎಂದು ಹೆಸರು. ಬಾಗಿಲೆಂದರೆ ಒಂದೇ ಕಡೆ ಇರುವ ಬಾಗಿಲಲ್ಲ. ನೀರಿನಡಿಯ ಮರಳು ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲ. ಭರತ ಏರಿದಾಗ ಅಲ್ಲಿ ದೋಣಿ ಸಲೀಸಾಗಿ ಒಳಗೆ ಬರುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ತೆರೆ ಒಳಗೆ ನುಗ್ಗುತ್ತದೆ, ಎರಡೂ ಜಗಳಕ್ಕೆ ಬಿದ್ದು ಮರಳ ದಿಬ್ಬದ ಮೇಲೆ ತೆರೆ ಒಡೆಯುತ್ತದೆ. ಆಗ ಬಂದ ದೋಣಿ ಉಳಿಯುವುದಿಲ್ಲ. ಕಷ್ಟವೇನೆಂದರೆ, ಹೊರಗಿನಿಂದ ಬರುವವನಿಗೆ ತೆರೆಯ ಬೆನ್ನು ಮಾತ್ರ ಕಾಣುತ್ತದೆ. ಅದರ ಬಾಯಿ ಕಾಣುವುದು ದಂಡೆಯಲ್ಲಿ ನಿಂತವನಿಗೆ. ಆದ್ದರಿಂದ ದಂಡೆಯ ಬಂಡೆಯ ಮೇಲೆ ಒಬ್ಬ ನಿಂತು ಊದಿ ಹೇಳಬೇಕು. ಉದ್ದಕ್ಕೆ ಒಂದೇ ಉಸಿರಿಗೆ ಊದಿದರೆ ‘ಬಾ’. ತುಂಡು ತುಂಡಾಗಿ ಊದಿದರೆ ‘ನಿಲ್ಲು’. ಹೆರಿಯ ಆ ಬಂಡೆಯ ಮನುಷ್ಯನಾದ, ನಾನು ಅವನ ಮಾತಾದೆ.

ಹೊರಗೆ ನಿಂತ ಮಚವೆಗಳಿಗೆ ಹೆಂಚು ಸಾಗಿಸಿ, ಅಲ್ಲಿಂದ ಉಪ್ಪನ್ನೋ ಬೆಲ್ಲವನ್ನೋ ತುಂಬಿ ತರುವ ಹೊರೆದೋಣಿಯವರು ಆ ಊರಿನ ಜನ. ಅವರ ಕಟ್ಟುಕಟ್ಟಳೆಗಳೆಲ್ಲ ಭಯದಿಂದ ಹುಟ್ಟಿದವು, ಅದಕ್ಕೇ ನನಗೆ ಅವರನ್ನು ಕಂಡರೆ ಪ್ರೀತಿ. ದೋಣಿ ಹೊರಗಿರುವಾಗ ಊರ ದೇವಿಯ ಗುಡಿಯಲ್ಲೂ ಶಂಖ ಊದುತ್ತಿರಲಿಲ್ಲ. ದೇವಿಗೆ ಜಾಗಟೆ ಒಂದೇ ಸಾಕು, ಅವಳೂ ನಮ್ಮೂರವಳೇ, ಅರ್ಥ ಮಾಡಿಕೊಳ್ಳುತ್ತಾಳೆ ಎನ್ನುತ್ತಿದ್ದರು. ಇನ್ನೊಂದು, ಚೆಂಬಿನ ಕಟ್ಟಳೆ. ಗಂಡ ದೋಣಿ ಬಿಟ್ಟು ಹೊರಟ ಕೂಡಲೇ ಹೆಂಡತಿ ಒಂದು ತಾಮ್ರದ ಚೆಂಬಿನಲ್ಲಿ ನೀರು ತುಂಬಿ ಜಗಲಿಯ ಮೆಟ್ಟಿಲ ಮೇಲೆ ಇಡಬೇಕು. ಗಂಡ ಬಂದು ಆ ನೀರಿನಲ್ಲಿ ಕಾಲು ತೊಳೆದ ಮೇಲೆ ಚೆಂಬನ್ನು ಕವುಚಿಡಬೇಕು. ಓಣಿಯಲ್ಲಿ ಒಂದು ಸಲ ನಡೆದು ಬಂದರೆ ಸಾಕು, ಯಾರ ದೋಣಿ ಹೊರಗಿದೆ, ಯಾರದು ಬಂದಿದೆ ಎಂದು ಯಾರನ್ನೂ ಕೇಳದೆ ತಿಳಿಯುತ್ತಿತ್ತು. ಬಾಯಿಬಿಟ್ಟು ‘ಬಂದನಾ?’ ಎಂದು ಕೇಳುವುದು ಅಲ್ಲಿ ಅಪಶಕುನ.

ವರ್ಷಗಳು ಕಳೆದವು. ಹೆರಿಯನ ಮೀಸೆ ಬೆಳ್ಳಗಾಯಿತು. ಆಮೇಲೆ ಅವನ ಕಣ್ಣಿನ ಪಾಪೆಯೂ ಬೆಳ್ಳಗಾಗತೊಡಗಿತು. ಅದನ್ನು ಮೊದಲು ತಿಳಿದದ್ದು ನಾನು: ನನ್ನನ್ನು ಎತ್ತಿಕೊಳ್ಳಲು ಚಾಚಿದ ಕೈ ಒಂದು ಗೇಣು ಆಚೆ ಹೋಗಿ ಬಂಡೆಯನ್ನು ತಡವಿತು. ಎರಡನೆಯವಳು ಅವನ ಮಗಳು ಲಚ್ಚು. ಅವಳನ್ನು ಅದೇ ಊರಿನ ಹೊರೆದೋಣಿಯ ಅಣ್ಣಪ್ಪನಿಗೆ ಕೊಟ್ಟಿತ್ತು. ಅವಳು ಯಾರಿಗೂ ಏನೂ ಹೇಳಲಿಲ್ಲ. ದಿನಾ ಅಪ್ಪನಿಗೆ ಗಂಜಿ ಕೊಡುವ ನೆಪದಲ್ಲಿ ಬಂಡೆ ಹತ್ತಿ ಪಕ್ಕದಲ್ಲಿ ಕೂತು, ಯಾವ ಕಡೆ ತೆರೆ ಒಡೆಯುತ್ತಿದೆ, ನೀರಿನ ಬಣ್ಣ ಎಲ್ಲಿ ಆಳದ ಕಪ್ಪು, ಎಲ್ಲಿ ಮರಳಿನ ಕಂದು ಎಂದು ಮೆಲ್ಲಗೆ ಹೇಳುತ್ತಿದ್ದಳು. ಅವನು ಊದುತ್ತಿದ್ದ. ಊರು ಅಂದುಕೊಂಡದ್ದು, ಹೆರಿಯಣ್ಣನ ಕಣ್ಣು ಹದ್ದಿನ ಕಣ್ಣು ಎಂದು. ಮುದುಕನ ಮಾನ ಉಳಿಯಿತು, ದೋಣಿಗಳೂ ಉಳಿದವು. ನನಗೆ ಮಾತ್ರ ಲಚ್ಚುವಿಗೆ ಜ್ವರ ಬಂದರೆ ಏನು ಗತಿ, ಅವಳು ಪೇಟೆಗೆ ಹೋದ ದಿನ ಏನು ಗತಿ ಎಂಬ ಯೋಚನೆ.

ಹೀಗಿರುವಾಗ ಮೈಸೂರು ಕಡೆಯಿಂದ ಶ್ರೀಕಂಠಯ್ಯ ಎಂಬವರು ಬಂದರು. ಮಚವೆಯವರು, ಹೊರೆದೋಣಿಯವರು, ಕಡವು ದಾಟಿಸುವವರು ಹಾಡುವ ಹಾಡು, ಹೇಳುವ ಕತೆ, ಕೂಗುವ ಕೂಗು ಎಲ್ಲವನ್ನೂ ಹಿಡಿದಿಡುವ ಕೆಲಸ ಅವರದು. ಭಾರದ ಪೆಟ್ಟಿಗೆಯೊಂದರಲ್ಲಿ ಎರಡು ಚಕ್ರ ತಿರುಗುತ್ತಿದ್ದವು, ಆಡಿದ ಮಾತು ಅದರೊಳಗೆ ಉಳಿಯುತ್ತಿತ್ತು. ಸಭ್ಯ ಮನುಷ್ಯ. ಯಾರ ಮನೆಗೆ ಹೋದರೂ ಕಾಲು ತೊಳೆಯದೆ ಜಗಲಿ ಹತ್ತಿದವರಲ್ಲ, ಕೊಟ್ಟದ್ದನ್ನು ಉಣ್ಣದೆ ಎದ್ದವರಲ್ಲ. ನಾಲ್ಕೇ ದಿನದಲ್ಲಿ ಊರಿಗೆ ಬೇಕಾದವರಾದರು. ಹಗ್ಗ ಎಳೆಯುವ ಹಾಡನ್ನು ಹಿಡಿದರು, ಹೆಂಚು ಎಣಿಸುವ ರಾಗವನ್ನು ಹಿಡಿದರು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು.

“ಒಂದೇ ಒಂದ್ಸಲ ಊದಿ ಯಜಮಾನ್ರೇ. ಬಾ ಅನ್ನೋ ಕೂಗು ಹೇಗಿರುತ್ತೆ ಅಂತ ಕೇಳ್ಬೇಕು,” ಎಂದರು.

ಹೆರಿಯ ನನ್ನನ್ನು ಪಂಚೆಯ ಮಡಿಕೆಗೆ ಸರಿಸಿಕೊಂಡ. “ಅಯ್ಯ, ಇದ್ ಯಕ್ಷಗಾನದ್ ಚಂಡೆ ಅಲ್ಲ, ಕೇಂಡ್ ಕೂಡ್ಲೆ ಬಾರ್ಸುಕೆ. ದೋಣಿ ಹೊರ್ಗ್ ಇಪ್ಪತಿಗೆ ಸುಮ್ನೆ ಊದೂಕಾಗ. ಎಲ್ಲಾ ದೋಣಿ ಒಳ್ಗ್ ಬಂದ್ ದಿನ ಕಾಂಬ.”

ಶ್ರೀಕಂಠಯ್ಯ ಒತ್ತಾಯಿಸಲಿಲ್ಲ. ಕಾದರು. ಆದರೆ ಅವರ ರಜೆ ಮುಗಿಯುತ್ತ ಬಂದಿತ್ತು, ಆ ಚಡಪಡಿಕೆ ಅವರ ಮುಖದಲ್ಲಿ ಕಾಣುತ್ತಿತ್ತು. ಮುದುಕನಿಗೂ ಒಳಗೊಳಗೇ ಆಸೆಯಿತ್ತು. ಕಣ್ಣು ಹೋಗುತ್ತಿದೆ, ಉಸಿರೂ ಒಂದು ದಿನ ಹೋಗುತ್ತದೆ, ಕೂಗಾದರೂ ಎಲ್ಲಿಯಾದರೂ ಉಳಿಯಲಿ ಎಂದು. ಅದರಲ್ಲಿ ತಪ್ಪೇನಿದೆ? ನನಗೂ ಆಸೆಯಿತ್ತು.

ಅವರು ಹೊರಡುವ ಹಿಂದಿನ ದಿನ ಬೆಳಿಗ್ಗೆ ಲಚ್ಚು ಒಣಮೀನಿನ ಬುಟ್ಟಿ ಹೊತ್ತುಕೊಂಡು ಅಪ್ಪನ ಮನೆ ಬಾಗಿಲಿಗೆ ಬಂದಳು. “ಅಪ್ಪಯ್ಯ, ಅವ್ರ್ ಉಪ್ಪ್ ತಪ್ಪುಕೆ ಮಚವೆಗ್ ಹೋಯಿರ್. ಬೈಸರಿ ಭರ್ತಕ್ಕೆ ಬತ್ರ್. ಅಷ್ಟೊತ್ತಿಗ್ ನಾನೂ ಪ್ಯಾಟಿಂದ ಬತ್ತೆ,” ಎಂದಳು. ಗಂಡ ಉಪ್ಪು ತರಲು ಮಚವೆಗೆ ಹೋಗಿದ್ದಾನೆ, ಸಂಜೆಯ ಭರತಕ್ಕೆ ಬರುತ್ತಾನೆ, ಆ ಹೊತ್ತಿಗೆ ತಾನು ಬಂಡೆಯ ಮೇಲಿರುತ್ತೇನೆ ಎಂದರ್ಥ. ತನ್ನ ಮೆಟ್ಟಿಲ ಮೇಲೆ ಚೆಂಬು ತುಂಬಿಟ್ಟೇ ಬಂದಿದ್ದಳು.

ಅವಳು ಹೋದ ಮೇಲೆ ಶ್ರೀಕಂಠಯ್ಯ ಹೆರಿಯನನ್ನು ಹುಡುಕಿಕೊಂಡು ಓಣಿಯಲ್ಲಿ ಬಂದರು. ಮಳೆಗಾಲ ಕಳೆದು ಸ್ವಲ್ಪವೇ ದಿನವಾಗಿತ್ತು, ಕಾಲೆಲ್ಲ ಕೆಸರು. ಮುದುಕ ಮಗಳ ಮನೆಯಲ್ಲಿ ಇರಬಹುದೆಂದು ಲಚ್ಚುವಿನ ಮನೆಯ ಮುಂದೆ ನಿಂತರು. ಮೆಟ್ಟಿಲ ಮೇಲೆ ತುಂಬಿದ ಚೆಂಬು. ಎಂಥ ಮರ್ಯಾದಸ್ಥ ಮನೆ, ಬಂದವರ ಕಾಲಿಗೆಂದು ನೀರು ಇಟ್ಟೇ ಹೋಗಿದ್ದಾರೆ ಎಂದುಕೊಂಡು ಕಾಲು ತೊಳೆದರು. ಕರೆದರು, ಯಾರೂ ಇರಲಿಲ್ಲ. ಅಚ್ಚುಕಟ್ಟಿನ ಮನುಷ್ಯ, ಖಾಲಿ ಚೆಂಬಿಗೆ ಕಸ ಬೀಳದಿರಲಿ ಎಂದು ಕವುಚಿಟ್ಟು ಮುಂದೆ ಹೋದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಅವರದೇ ಬಾಯಿಂದ.

ಮಧ್ಯಾಹ್ನ ಊಟ ಮುಗಿಸಿ ಹೆರಿಯ ನನ್ನನ್ನು ಹೆಗಲಿನ ಚೀಲದಲ್ಲಿ ಹಾಕಿಕೊಂಡು ಓಣಿಯಲ್ಲಿ ನಡೆದ. ಪಕ್ಕದಲ್ಲಿ ಪೆಟ್ಟಿಗೆ ಹೊತ್ತ ಶ್ರೀಕಂಠಯ್ಯ. ಪ್ರತಿ ಮೆಟ್ಟಿಲ ಹತ್ತಿರ ಮುದುಕನ ದೊಣ್ಣೆ ಚೆಂಬನ್ನು ಮೆಲ್ಲಗೆ ತಟ್ಟುತ್ತಿತ್ತು. ತುಂಬಿದ ಚೆಂಬು ತಟ್ಟಿದರೆ ಮಂಕು ಸದ್ದು. ಕವುಚಿದ್ದು ‘ಠಣ್’ ಎನ್ನುತ್ತದೆ. ಠಣ್. ಠಣ್. ಒಂದೊಂದೇ ಮನೆ ದಾಟಿ ಕೊನೆಗೆ ಮಗಳ ಮನೆ. ಅಲ್ಲಿಯೂ ಠಣ್. ಮುದುಕ ನಿಂತ, ಬಗ್ಗಿ ಕೈಯಿಂದ ಮುಟ್ಟಿ ನೋಡಿದ. ಚೆಂಬಿನ ಬುಡ ಮೇಲಿತ್ತು.

“ಅಳಿಯ ಬೆಳ್ಗಿನ್ ಭರ್ತಕ್ಕೇ ಬಂದಿದ್ದ, ಕಾಣಿ,” ಎಂದು ಅವನು ನಕ್ಕ. ಹೊರೆ ಸಿಗದ ಖಾಲಿ ದೋಣಿ ತುಂಬು ಭರತದಲ್ಲಿ ಕೂಗಿಗೆ ಕಾಯದೆಯೂ ಬರುವುದುಂಟು. “ಎಲ್ಲಾ ದೋಣಿ ಒಳ್ಗ್ ಇತ್ತ್. ಬನ್ನಿ ಅಯ್ಯ, ಇವತ್ ಊದ್ವ.”

ನನಗೆ ಒಳಗೆ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ನನಗೆ ದಿನಾ ಏನೋ ಸರಿಯಿಲ್ಲ ಅನ್ನಿಸುತ್ತದೆ. ದಿನಾ ಹೆದರುವವರ ಹೆದರಿಕೆಗೆ ಬೆಲೆ ಇಲ್ಲ.

ಬಂಡೆಯ ಮೇಲೆ ನಿಂತಾಗ ಇಳಿತ ಜೋರಾಗಿತ್ತು. ಹೊಳೆ ಹೊರಕ್ಕೆ ಎಳೆಯುತ್ತಿದ್ದ ಸದ್ದು ಹೆರಿಯನಿಗೂ ಕೇಳಿಸುತ್ತಿತ್ತು. ಹೊರಗೆ ಯಾರೂ ಇಲ್ಲದಿದ್ದರೆ ಇಳಿತವಾದರೇನು ಎಂದುಕೊಂಡಿರಬೇಕು. ಸಣ್ಣಗೆ ಕೆಮ್ಮಿದ. ಉದ್ದಕ್ಕೆ ಊದಿದ. ಬಾ.

ಶ್ರೀಕಂಠಯ್ಯ ಕಿವಿಗೆ ಹಾಕಿದ್ದ ಯಂತ್ರವನ್ನು ಸರಿಮಾಡಿಕೊಂಡರು. “ಅದ್ಭುತ! ಆದ್ರೆ ಗಾಳಿ ಸದ್ದು ಸೇರ್ಕೊಂಡ್ಬಿಡ್ತು. ಇನ್ನೊಂದ್ಸಲ, ಬೇಜಾರ್ ಮಾಡ್ಕೋಬೇಡಿ.”

ಹೆರಿಯ ಮತ್ತೆ ಕೆಮ್ಮಿ ಊದಿದ. ಬಾ. ಮತ್ತೊಮ್ಮೆ. ಬಾ. ಅಷ್ಟು ಚೆನ್ನಾಗಿ ಅವನು ಎಂದೂ ಊದಿರಲಿಲ್ಲ. ಹೆಮ್ಮೆಯಿಂದ ಅವನ ಕೊರಳ ನರ ಉಬ್ಬಿತ್ತು. ಆಗ ನನ್ನ ಅಗಲವಾದ ಬಾಯಿ ಕಡಲಿನ ಕಡೆಗಿತ್ತು, ಹಾಗಾಗಿ ನಾನೇ ಮೊದಲು ಕಂಡೆ: ದೂರದಲ್ಲಿ ಒಂದು ದೋಣಿ. ಹೊರೆ ತುಂಬಿ ತಗ್ಗಾಗಿ ಕೂತ ದೋಣಿ. ಹುಟ್ಟುಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಅದು ನಮ್ಮ ಕಡೆಗೆ ಬರುತ್ತಿತ್ತು. ಮಾವ ಕರೆದನೆಂದು ಅಳಿಯ ಬರುತ್ತಿದ್ದ.

ನನಗೆ ನನ್ನದೇ ಉಸಿರಿಲ್ಲ. ಇದ್ದಿದ್ದರೆ ಆ ಕ್ಷಣ ಒಡೆದುಹೋಗುವ ಹಾಗೆ ಕೂಗುತ್ತಿದ್ದೆ. ಶ್ರೀಕಂಠಯ್ಯನವರ ಕಣ್ಣು ತಿರುಗುವ ಚಕ್ರದ ಮೇಲಿತ್ತು. ಹೆರಿಯನ ಕಣ್ಣು ಕಡಲಿನ ಮೇಲೇ ಇತ್ತು, ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಬುಟ್ಟಿ ಬೀಳುವ ಸದ್ದು. ಲಚ್ಚು ಸೀರೆ ಎತ್ತಿಕಟ್ಟಿ ಬಂಡೆ ಹತ್ತಿ ಬರುತ್ತಿದ್ದಳು. ಪೇಟೆಯಿಂದ ಬೇಗ ಮುಗಿಸಿ ಬರುವಾಗ ತೋಪಿನ ಆಚೆಯಿಂದಲೇ ಅವಳಿಗೆ ನನ್ನ ಕೂಗು ಕೇಳಿತ್ತು.

“ಅಪ್ಪಯ್ಯಾ! ಎಂತಕ್ಕೆ ಬಾ ಅಂದ್ರಿ? ಅವ್ರ್ ಹೊರ್ಗೇ ಇದ್ರ್!”

“ಚೆಂಬ್ ಕೌಂಚಿ ಇತ್ತಲೆ ಹೆಣೆ!”

“ನಾ ತುಂಬ್ಸಿ ಇಟ್ಟಿದೆ!”

ಹೆರಿಯ ನನ್ನನ್ನು ಬಾಯಿಗೆ ಹಿಡಿದ. ‘ನಿಲ್ಲು’ ಊದಲು ಬಿರುಸಿನ ತುಂಡು ಉಸಿರು ಬೇಕು. ಮೂರು ಸಲ ಉದ್ದಕ್ಕೆ ಊದಿ ಬಸವಳಿದಿದ್ದ ಎದೆ, ಮೇಲೆ ಗಾಬರಿ ಬೇರೆ. ಬಂದದ್ದು ಕೆಮ್ಮು. ಲಚ್ಚು ಅವನ ಕೈಯಿಂದ ನನ್ನನ್ನು ಕಿತ್ತುಕೊಂಡಳು. ಆ ಕರಾವಳಿಯಲ್ಲಿ ಹೆಂಗಸರು ಶಂಖ ಊದುವುದಿಲ್ಲ. ಅವಳು ಸಣ್ಣವಳಿದ್ದಾಗ ಒಮ್ಮೆ ಕದ್ದು ಊದಲು ಹೋಗಿ ಅಪ್ಪನಿಂದ ಬೈಸಿಕೊಂಡಿದ್ದಳು, ಅಷ್ಟೇ. ಮೊದಲನೆಯ ಉಸಿರು ‘ಬುಸ್’ ಎಂದಿತು. ಎರಡನೆಯದೂ. ದೋಣಿ ಒಡೆಯುವ ತೆರೆಯ ಬೆನ್ನಿಗೆ ಬಂದುಬಿಟ್ಟಿತ್ತು. ಅವಳು ತುಟಿ ಒರೆಸಿಕೊಂಡು ನನ್ನನ್ನು ಒತ್ತಿ ಹಿಡಿದಳು, ಹಲ್ಲಿಗೆ ತಾಗಿ ತುಟಿ ಒಡೆಯಿತು. ಈ ಸಲ ನಾನು ಕೂಗಿದೆ. ನಿಲ್ಲು. ನಿಲ್ಲು. ನಿಲ್ಲು. ಅಪ್ಪನ ಕೂಗಿನ ಹಾಗೆ ದುಂಡಗಿರಲಿಲ್ಲ; ಹರಿತವಾಗಿತ್ತು, ರಕ್ತದ ರುಚಿಯಿತ್ತು. ಅವಳು ನಿಲ್ಲಿಸಲೇ ಇಲ್ಲ.

ದೋಣಿಯಲ್ಲಿ ಹುಟ್ಟುಗಳು ತಡವರಿಸಿದವು. ಒಂದು ತೆರೆ ಅದನ್ನು ಅಡ್ಡಕ್ಕೆ ತಿರುಗಿಸಿತು. ಉಪ್ಪಿನ ಮೂಟೆಗಳು ನೀರಿಗೆ ಬೀಳುವುದು ಕಂಡಿತು, ಒಂದು ಹುಟ್ಟು ಮುರಿದು ತೇಲಿತು. ಆಮೇಲೆ ದೋಣಿಯ ಮೂತಿ ಕಷ್ಟಪಟ್ಟು ಪಡುವಣಕ್ಕೆ ತಿರುಗಿತು, ಹೊರಗೆ ಹೋಯಿತು.

ಲಚ್ಚು ಅಲ್ಲೇ ಕುಕ್ಕರಿಸಿದಳು. “ಚೆಂಬ್ ಕೌಂಚದ್ ಯಾರ್?” ಎಂದು ಯಾರನ್ನೂ ನೋಡದೆ ಕೇಳಿದಳು.

ಶ್ರೀಕಂಠಯ್ಯ ಕಿವಿಯ ಯಂತ್ರ ತೆಗೆದರು. “ನಾನೇ ಕಣಮ್ಮಾ. ಕಾಲು ತೊಳ್ಕೊಂಡೆ. ಕಸ ಬೀಳ್ದಿರ್ಲಿ ಅಂತ...” ಅವಳು ತುಟಿಯ ರಕ್ತ ಒರೆಸಿಕೊಂಡಳು. ಕಾಲು ತೊಳೆದವರನ್ನು ಬೈಯುವುದು ಹೇಗೆ?

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ, ನಿಜವಾದ ಕಷ್ಟ ಅಲ್ಲಿಂದ ಶುರುವಾಯಿತು. ಮಚವೆ ಆಗಲೇ ಹಾಯಿ ಏರಿಸಿ ತೆಂಕಕ್ಕೆ ಹೋಗಿತ್ತು; ದೋಣಿಗೆ ಅಲ್ಲಿಗೂ ಮರಳುವಂತಿರಲಿಲ್ಲ. ತೆರೆಯ ಪೆಟ್ಟಿಗೆ ಹಲಗೆಯೊಂದು ಸಡಿಲವಾಗಿ ನೀರು ಒಳಗೆ ಬರುತ್ತಿತ್ತು. ಒಬ್ಬ ಬಗ್ಗಿ ಬಗ್ಗಿ ನೀರು ಹೊರಗೆ ಹಾಕುತ್ತಿದ್ದುದು ದಂಡೆಗೆ ಕಾಣುತ್ತಿತ್ತು. ಊರೆಲ್ಲ ಸೇರಿತು. ಯಾರೂ ಅಳಲಿಲ್ಲ; ದೋಣಿ ಕಣ್ಣಿಗೆ ಕಾಣುವಾಗ ಅಳುವುದು ಅಲ್ಲಿಯ ಕಟ್ಟಳೆಯಲ್ಲ. ಹೆಂಗಸರು ಮರಳಿನ ಮೇಲೆ ಕೂತು ನೀರು ಏರುವುದನ್ನು ಕಾದರು.

ಹೊತ್ತು ಇಳಿಯುತ್ತ ಬಂದ ಹಾಗೆ ಭರತ ಏರಿತು. ದಿಬ್ಬದ ಮೇಲೆ ತೆರೆ ಒಡೆಯುವುದು ನಿಂತಿತು. “ಈಗ ಸಮ ಆಯ್ತ್ ಅಪ್ಪಯ್ಯ. ತೆಂಕ್ ಬದಿ ಕಪ್ಪ್ ನೀರ್ ಇತ್ತ್. ಊದಿ,” ಎಂದಳು ಲಚ್ಚು. ಈಗ ಅವಳು ಮೆಲ್ಲಗೆ ಹೇಳಲಿಲ್ಲ, ಊರೆಲ್ಲ ಕೇಳಿಸಿಕೊಂಡಿತು. ಹೆರಿಯನಿಗೆ ಅದರ ಗೊಡವೆಯೂ ಇರಲಿಲ್ಲ. ಅವನು ಊದಿದ. ಬಾ.

ದೋಣಿ ಅಲುಗಲಿಲ್ಲ.

ಮತ್ತೆ ಊದಿದ. ಬಾ. ದೋಣಿಯವರು ನಮ್ಮತ್ತ ನೋಡುತ್ತಿದ್ದರು, ಹುಟ್ಟು ಎತ್ತಲಿಲ್ಲ. ಎತ್ತುವುದು ಹೇಗೆ? ಮಧ್ಯಾಹ್ನ ಇದೇ ಶಂಖ ಬಾ ಎಂದು ಕರೆದು ಸಾವಿನ ಬಾಯಲ್ಲಿ ನಿಲ್ಲಿಸಿತ್ತು. ನಾನು ನಿಜ ಹೇಳುತ್ತಿದ್ದೇನೆ ಎಂದು ಹೇಳಲು ನನಗೆ ಬೇರೆ ಕೂಗಿಲ್ಲ. ಇರುವುದು ಅದೇ ಎರಡು. ಬಿಸಿಲು ಕೆಂಪಾಗುತ್ತಿತ್ತು, ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತಿತ್ತು. ಕತ್ತಲಾದರೆ ಬಾಗಿಲು ಯಾರಿಗೂ ಕಾಣುವುದಿಲ್ಲ.

ಹೆರಿಯ ನನ್ನನ್ನು ಲಚ್ಚುವಿನ ಕೈಗೆ ಕೊಟ್ಟ. ತಲೆಗೆ ಬಿಳಿ ಮುಂಡಾಸು ಬಿಗಿಯಾಗಿ ಸುತ್ತಿಕೊಂಡ. “ನಂಗ್ ಕಪ್ಪ್ ನೀರಿನ್ ಬದಿ ತೋರ್ಸ್,” ಎಂದು ಬಂಡೆ ಇಳಿದು, ಮರಳ ಕೋಡಿಯ ತುದಿಗೆ ನಡೆದು, ನೀರಿಗೆ ಇಳಿದ. ಮೊಣಕಾಲು, ಸೊಂಟ, ಎದೆ. ಅವನು ಏನು ಮಾಡುತ್ತಿದ್ದಾನೆಂದು ಊರಿಗೆ ತಿಳಿಯಿತು: ಬಾಗಿಲಿನ ಅಂಚಿನಲ್ಲಿ ತಾನೇ ಗೂಟವಾಗಿ ನಿಲ್ಲಲು ಹೊರಟಿದ್ದ. ಕರೆದದ್ದು ಸುಳ್ಳಾದರೆ ಮೊದಲ ತೆರೆ ಕರೆದವನ ತಲೆಯ ಮೇಲೆಯೇ ಒಡೆಯಲಿ ಎಂದು. ಮಗಳು ದಂಡೆಯಿಂದ “ಇನ್ನೂ ತೆಂಕಕ್ಕೆ, ಇನ್ನೂ ಒಂದ್ ಹೆಜ್ಜಿ” ಎಂದು ಕೂಗುತ್ತಿದ್ದಳು. ಆಳ ನೀರಲ್ಲಿ ಅವನು ಓಲಾಡಿದ. ಆಗ ಶ್ರೀಕಂಠಯ್ಯ ಕನ್ನಡಕ ತೆಗೆದು ಪೆಟ್ಟಿಗೆಯ ಮೇಲಿಟ್ಟು, ಈಜು ಬಾರದ ಮನುಷ್ಯ, ನೀರಿಗೆ ನುಗ್ಗಿ ಮುದುಕನ ಒಂದು ಕೈ ಹಿಡಿದುಕೊಂಡರು. ಇಬ್ಬರೂ ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತರು.

ಸಂದಿಯಾಗುವಿನ ಹಗ್ಗ ನನಗೆ ನೆನಪಾಯಿತು, ಅದನ್ನು ಹಿಡಿದು ಮೇಲೆ ನಿಂತಿದ್ದ ಭಾವಮೈದುನನ ಕೈಯೂ.

ಲಚ್ಚು ನನ್ನನ್ನು ಎತ್ತಿ ಉದ್ದಕ್ಕೆ ಊದಿದಳು. ಬಾ. ದೋಣಿಯಲ್ಲಿ ಒಂದು ಹುಟ್ಟು ಎದ್ದಿತು. ಆಮೇಲೆ ಉಳಿದವು ಎದ್ದವು. ಬಿಳಿ ಮುಂಡಾಸನ್ನು ಎಡಕ್ಕೆ ಬಿಟ್ಟುಕೊಂಡು, ಅರ್ಧ ನೀರು ತುಂಬಿದ ದೋಣಿ ಅಳಿವೆ ಬಾಗಿಲೊಳಗೆ ಬಂತು. ಊರಿನವರು ಓಡಿ ಹೋಗಿ ಹಿಡಿದರು. ಅಣ್ಣಪ್ಪ ಮೊದಲು ಹೋದದ್ದು ಹೆಂಡತಿಯ ಬಳಿಗಲ್ಲ. ನಡುಗುತ್ತಿದ್ದ ಮುದುಕನನ್ನು ತೋಳಿನಲ್ಲಿ ಎತ್ತಿಕೊಂಡು ದಂಡೆಗೆ ತಂದು ಕೂರಿಸಿದ.

“ನಾನ್ ಶಂಖ ಕೇಂಡ್ ಬಂದದ್ ಅಲ್ಲ ಮಾವ,” ಎಂದ. “ನೀರಂಗ್ ನಿಮ್ಮನ್ ಕಂಡ್ ಬಂದದ್.”

ಆ ಮಾತು ನನಗೆ ಚುಚ್ಚಿತು. ಆದರೆ ನಾನು ಅತ್ತದ್ದು ಸಂತೋಷಕ್ಕೆ, ಶಂಖಕ್ಕೆ ಅಳಲು ಬರುವುದಾದರೆ. ಆ ಸಂಜೆ ಲಚ್ಚು ಹೊಸದಾಗಿ ಚೆಂಬು ತುಂಬಿದಳು, ಗಂಡನ ಕಾಲಿಗೆ ತಾನೇ ಸುರಿದಳು, ಕವುಚಿಟ್ಟಳು.

ಮಾರನೆಯ ಬೆಳಿಗ್ಗೆ ಹೆರಿಯ ನನ್ನನ್ನು ತೊಳೆದು, ಹಳೆಯ ಮುಂಡಾಸಿನ ತುಂಡಿನಲ್ಲಿ ಸುತ್ತಿ ಶ್ರೀಕಂಠಯ್ಯನವರ ಕೈಯಲ್ಲಿಟ್ಟ. “ತಕಂಡ್ ಹೋಯ್ನಿ ಅಯ್ಯ. ಇದ್ರ್ ಮಾತ್ ಇನ್ನ್ ಇಲ್ಲ್ ನೆಡೂದಿಲ್ಲೆ.” ಒಮ್ಮೆ ಸುಳ್ಳಾಡಿದ ಶಂಖವನ್ನು ದೋಣಿಯವರು ನಂಬುವುದಿಲ್ಲ, ಅದೂ ಅಲ್ಲಿಯ ಕಟ್ಟಳೆ. ತಪ್ಪು ಅವನದಲ್ಲ, ನನ್ನದಲ್ಲ, ಆ ಸಭ್ಯ ಮನುಷ್ಯನದೂ ಅಲ್ಲ. ಆದರೆ ನಂಬಿಕೆಗೆ ಬಿದ್ದ ಬಿರುಕು ತಪ್ಪು ಯಾರದೆಂದು ಕೇಳುವುದಿಲ್ಲ. ಮುದುಕನ ಹೆಬ್ಬೆರಳು ನನ್ನ ಬೆನ್ನಿನ ಸವೆದ ಗುಳಿಯಲ್ಲಿ ಸ್ವಲ್ಪ ಹೊತ್ತು ಇತ್ತು, ಆಮೇಲೆ ಹೋಯಿತು. ಆ ಬೆರಳಿಗೆಂದೇ ಆದ ಗುಳಿ ಅದು.

ಬಂಡೆಯ ಮೇಲೆ ಮುಂದೆ ಲಚ್ಚು ನಿಂತಳಂತೆ. ಶಂಖವಿಲ್ಲದೆ, ಎರಡು ಬಟ್ಟೆ ಹಿಡಿದು. ಬಿಳಿಯದು ಬಾ ಎನ್ನಲು, ಕೆಂಪಿನದು ನಿಲ್ಲು ಎನ್ನಲು. ಮಚವೆಗಳು ನಿಂತುಹೋಗುವವರೆಗೂ, ಹೆಂಚು ಲಾರಿ ಹತ್ತುವವರೆಗೂ ನಿಂತಳಂತೆ. ಇದನ್ನು ಶ್ರೀಕಂಠಯ್ಯನವರು ಯಾರಿಗೋ ಹೇಳುವಾಗ ಕೇಳಿದೆ.

ಈಗ ನಾನು ಒಂದು ಸಂಗ್ರಹಾಲಯದಲ್ಲಿದ್ದೇನೆ. ಕಡಲಿನಿಂದ ಬಹಳ ದೂರ. ಶ್ರೀಕಂಠಯ್ಯನವರೂ ಈಗಿಲ್ಲ. ಎಡಕ್ಕೆ ಎತ್ತಿನ ಗಾಡಿಯ ಚಕ್ರದ ಗುಂಬ, ಬಲಕ್ಕೆ ಹರಿಗೋಲಿನವನ ಹುಟ್ಟು. ಇಬ್ಬರೂ ನೆಮ್ಮದಿಯಿಂದ ಮಲಗಿದ್ದಾರೆ. ಗಾಜಿನ ಪೆಟ್ಟಿಗೆಯ ಮುಂದೆ ಒಂದು ಗುಂಡಿಯಿದೆ. ಒತ್ತಿದರೆ ಆ ದಿನ ಹಿಡಿದ ಕೂಗು ಕೇಳಿಸುತ್ತದೆ. ಸಣ್ಣ ಕೆಮ್ಮು, ಆಮೇಲೆ ಉದ್ದಕ್ಕೆ ಒಂದೇ ಉಸಿರಿಗೆ, ಬಾ. ಮೂರರಲ್ಲಿ ಒಳ್ಳೆಯದನ್ನು ಆರಿಸಿ ಹಾಕಿದ್ದಾರೆ. ಅಷ್ಟೇ ಇದೆ. ಆಮೇಲೆ ಆದದ್ದೆಲ್ಲ ಗದ್ದಲವೆಂದು ಯಾರೋ ಕತ್ತರಿಸಿದ್ದಾರೆ. ಶಾಲೆಯ ಮಕ್ಕಳು ಬಂದ ದಿನ ಗುಂಡಿಗೆ ಬಿಡುವಿಲ್ಲ. ಬಾ, ಬಾ, ಬಾ. ನಾನು ಗಾಜಿನೊಳಗೆ ಬೆವರುತ್ತೇನೆ. ಯಾರನ್ನು ಕರೆಯುತ್ತಿದ್ದಾರೆ? ನೀರು ನೋಡಿದ್ದಾರಾ?

ಸ್ವಲ್ಪ ಸಮಯದ ಹಿಂದೆ ಕರಾವಳಿಯ ಮಹಿಳಾ ಸಂಘದವರು ಬಸ್ಸು ಮಾಡಿಕೊಂಡು ಬಂದಿದ್ದರು. ಅವರಲ್ಲೊಬ್ಬಳು ಮುದುಕಿ ನನ್ನ ಮುಂದೆ ನಿಂತಳು. ಕೂದಲು ಪೂರಾ ಬಿಳಿ, ತುಟಿಯ ಮೇಲೆ ಹಳೆಯ ಗಾಯದ ಗೆರೆ. ಗಾಜಿನ ಮೇಲೆ ಕೈಯಿಟ್ಟಳು, ಗುಂಡಿ ಒತ್ತಿದಳು. ಅಪ್ಪ ಕೆಮ್ಮಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಪ್ಪ ಬಾ ಎಂದ. ಕೂಗು ಮುಗಿಯಿತು. ಅವಳು ಕಣ್ಣೊರೆಸಿಕೊಂಡು ಕಿವಿಗೊಟ್ಟು ಕಾದಳು. ಮುಂದೇನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ಕಾದಳು.

“ಇದ್ರ್ ಹಿಂದ್ ಇನ್ನೊಂದ್ ಕೂಗ್ ಇತ್ತಲೆ ಮಗಾ, ಅದೆಲ್ಲಿ?” ಎಂದು ಕಾವಲಿನವನನ್ನು ಕೇಳಿದಳು.

“ಇರೋದೇ ಅಷ್ಟು ಅಜ್ಜಿ,” ಎಂದನವನು.

“ಬಾ ಅಂದ್ ಮೇಲೆ ನಿಲ್ಲ್ ಅಂಬುಕೂ ಒಬ್ರ್ ಇರ್ಕ್ ಅಲ್ದಾ?”

ಅವನಿಗೆ ಅರ್ಥವಾಗಲಿಲ್ಲ. ಲಚ್ಚು ಎರಡೂ ಕೈಗಳನ್ನು ಬಾಯಿಯ ಮುಂದೆ ಬೊಗಸೆ ಮಾಡಿಕೊಂಡಳು. ಆ ಹಜಾರದಲ್ಲಿ, ಗುಂಬ ಹುಟ್ಟುಗಳ ನಡುವೆ, ತುಂಡು ತುಂಡಾಗಿ ಕೂಗಿದಳು. ಮುದಿ ಗಂಟಲು, ಆದರೂ ಅದೇ ಹರಿತ. ಜನ ತಿರುಗಿ ನೋಡಿದರು, ಜೊತೆಯ ಹೆಂಗಸರು ನಾಚಿಕೊಂಡು ಕೈ ಎಳೆದರು, ಕಾವಲಿನವನು ಗಲಾಟೆ ಮಾಡಬಾರದು ಅಜ್ಜಿ ಎಂದ. ಗಾಜಿನ ಈಚೆಗೆ ನನ್ನ ಟೊಳ್ಳಿಗೆ ಆ ಕೂಗು ತಾಗಿತು. ಯಾರೂ ಊದದೆ ನಾನು ಸಣ್ಣಗೆ ಗುಂಯ್ ಎಂದೆ.

ಅವಳು ಹೋದಳು. ಗುಂಡಿ ಇದೆ, ಜನ ಬರುತ್ತಾರೆ, ಒತ್ತುತ್ತಾರೆ. ಪ್ರತಿ ಸಲ ಹೆರಿಯನ ಉಸಿರು ಬಾ ಎಂದಾಗ, ಎಲ್ಲೋ ಹೊರೆ ತುಂಬಿದ ದೋಣಿಯವನೊಬ್ಬ ಕೇಳಿಸಿಕೊಂಡು ಹುಟ್ಟು ಎತ್ತಿದನೆಂದೇ ನನಗೆ ಅನ್ನಿಸುತ್ತದೆ. ಆಗ ನಾನು ಲಚ್ಚುವಿನ ಕೂಗನ್ನು ನೆನಪಿನಿಂದ ತೆಗೆದು ನನ್ನೊಳಗೇ ಊದಿಕೊಳ್ಳುತ್ತೇನೆ. ನಿಲ್ಲು. ನಿಲ್ಲು. ನಿಲ್ಲು. ಗಾಜಿನ ಹೊರಗೆ ಯಾರಿಗೂ ಅದು ಕೇಳುವುದಿಲ್ಲ. ದೋಣಿ ತಿರುಗಿತು ಎಂದು ಖಾತ್ರಿಯಾಗುವವರೆಗೆ ಊದುತ್ತಿರುತ್ತೇನೆ, ಅಷ್ಟರಲ್ಲಿ ಇನ್ನೊಬ್ಬರು ಬಂದು ಗುಂಡಿ ಒತ್ತುತ್ತಾರೆ.